ಯಾರೂ ಕೈಯಾಡಿಸದ ಪಂಪೇ ಬೇಕು: ಹಳೇ ಡಾಡ್ಜ್ ಪಿಕಪ್ ಆರಿಸಿ ಪವರ್ ಏರಿಸಿದ್ದು

"ಎರಡೂಕಾಲು ಲಕ್ಷ ಮೈಲಿ ಓಡಿದ ಗಾಡಿ, ಅದಕ್ಕೆ ಇನ್ನೂ ಪವರ್ ಏರಿಸ್ತೀಯಾ?" ಅಂದವರೇ ಈಗ ಬಾನೆಟ್ ಎತ್ತಿಸಿ ನೋಡುತ್ತಾರೆ. ಗಾಡಿ 1997ರ ಡಾಡ್ಜ್ ರ‍್ಯಾಮ್ 2500. ಎಂಜಿನ್ 12 ವಾಲ್ವಿನ 5.9 ಲೀಟರ್ ಕಮಿನ್ಸ್, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪು ಬಾಷ್ ಪಿ7100, ಗೇರು ಐದು ಸ್ಪೀಡಿನ ಎನ್‌ವಿ4500. ಮೂರು ವರ್ಷದಿಂದ ಟ್ರೇಲರ್ ಎಳೆಯುತ್ತಿದೆ, ದಾರಿಯಲ್ಲಿ ಕೈಕೊಟ್ಟಿಲ್ಲ.

ಬೇರೆಯವನ್ನೂ ನೋಡಿದೆ. ಫೋರ್ಡಿನ 6.0 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಕಟ್ಟಿಕೊಂಡರೆ ಇಜಿಆರ್ (ಹೊಗೆಯನ್ನು ಎಂಜಿನ್ನಿಗೇ ಮರಳಿಸುವ ವ್ಯವಸ್ಥೆ) ಕೂಲರ್ ಒಡೆಯುತ್ತದೆ, ಅದರ ಬೆನ್ನಿಗೇ ಹೆಡ್ ಗ್ಯಾಸ್ಕೆಟ್. 2001ರ ಸುಮಾರಿನ ಜಿಎಂ ಡೀಸೆಲ್ ಎಂಜಿನ್ ಡ್ಯೂರಮ್ಯಾಕ್ಸ್ ಎಲ್‌ಬಿ7 ಇಂಜೆಕ್ಟರುಗಳು ವಾಲ್ವ್ ಕವರಿನ ಒಳಗಿವೆ. ಬದಲಿಸುವ ಕೂಲಿಯೇ ದುಬಾರಿ. 1998ರ ನಡುವಿಂದ ಬಂದ 24 ವಾಲ್ವಿನ ಕಮಿನ್ಸ್ ಒಳ್ಳೆಯದೇ. ಆದರೆ ಟ್ಯಾಂಕಿನಿಂದ ಡೀಸೆಲ್ ತರುವ ಲಿಫ್ಟ್ ಪಂಪು ಸೋತರೆ ಡೀಸೆಲ್ ಚಿಮ್ಮಿಸುವ ವಿಪಿ44 ಪಂಪೂ ಹೋಗುತ್ತದೆ. 2007ರ ನಂತರದವಕ್ಕೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದೆ, ಅದನ್ನು ಕೀಳುವುದು ಅಮೆರಿಕದಲ್ಲಿ ಕಾನೂನುಬಾಹಿರ. ಪಿ7100 ಪೂರ್ತಿ ಮೆಕ್ಯಾನಿಕಲ್. ಊರಲ್ಲಿ ಮೈಕೊ (ಬಾಷ್‌ನ ಭಾರತದ ಕಂಪನಿಯ ಹಳೇ ಹೆಸರು) ಪಂಪು ಬಿಚ್ಚಿದ ಕೈಗೆ ಇದು ಅಪರಿಚಿತವಲ್ಲ. ಇದೇ ಬಿ ಸರಣಿಯ ಎಂಜಿನ್ನನ್ನೇ ಜಮ್‌ಶೆಡ್‌ಪುರದ ಟಾಟಾ ಕಮಿನ್ಸ್ ನಮ್ಮ ಲಾರಿಗಳಿಗೆ ಕಟ್ಟಿದ್ದು.

ಮ್ಯಾನುಯಲ್ಲೇ ಯಾಕೆ ಅಂದರೆ, 1996ರಿಂದ 98ರವರೆಗೆ ಮ್ಯಾನುಯಲ್ ಗಾಡಿಗೆ 215 ಕುದುರೆಶಕ್ತಿ ಕೊಡುವ ಪಂಪು ಬಂತು, ಆಟೊಮ್ಯಾಟಿಕ್ಕಿಗೆ 180ರದ್ದು. ಮೇಲಾಗಿ ಆ ಆಟೊಮ್ಯಾಟಿಕ್ ಗೇರ್‌ಬಾಕ್ಸು ಹೆಚ್ಚಿನ ಪವರ್ ತಡೆಯುವುದಿಲ್ಲ.

ನೋಡಲು ಹೋಗುವ ಮುಂಚೆ ಮಾರುವವನಿಗೆ "ಸ್ಟಾರ್ಟ್ ಮಾಡಿಡಬೇಡಿ" ಎಂದು ಹೇಳಿ. ಹೋದವರೇ ಬ್ಲಾಕಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾನೆ. ಎಂಜಿನ್ ಓಡುವಾಗ ಆಯಿಲ್ ಮುಚ್ಚಳವನ್ನು ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಅಲುಗಿದರೆ ಪರವಾಗಿಲ್ಲ, ಹಾರಿಬಿದ್ದರೆ ರಿಂಗು ಸವೆದಿದೆ. ಐದನೇ ಗೇರಿನಲ್ಲಿ ಏರು ಹತ್ತಿಸಿ: ಈ ಗೇರ್‌ಬಾಕ್ಸಿನಲ್ಲಿ ಐದನೇ ಗೇರಿನ ನಟ್ಟು ಸಡಿಲಾಗಿ ಗೇರೇ ಕಳೆದುಹೋಗುವುದು ಹಳೇ ಕಾಯಿಲೆ. ಒಹಾಯೊ, ಮಿಶಿಗನ್ ಕಡೆ ಹಿಮಕ್ಕೆ ಉಪ್ಪು ಚೆಲ್ಲುತ್ತಾರೆ, ಅಲ್ಲಿನ ಚಾಸಿಗೆ ಸುತ್ತಿಗೆ ತಟ್ಟಿದರೆ ತುಕ್ಕು ಹಪ್ಪಳದಂತೆ ಉದುರುತ್ತದೆ. ನಾನು ಅರಿಜೋನಾದಿಂದ ತರಿಸಿದೆ. ಡ್ಯಾಶ್‌ಬೋರ್ಡ್ ಬಿಸಿಲಿಗೆ ಒಡೆದು ಚೂರಾಗಿತ್ತು, ಚಾಸಿ ಮಾತ್ರ ಹೊಸದರಂತೆ.

ಎಲ್ಲಕ್ಕಿಂತ ಮುಖ್ಯ ಪಂಪು. ಅದರ ಹಿಂಭಾಗದ ಮೇಲೆ, ಟರ್ಬೊ ಒತ್ತಡಕ್ಕೆ ತಕ್ಕಷ್ಟೇ ಡೀಸೆಲ್ ಬಿಡುವ ಎಎಫ್‌ಸಿ ಹೌಸಿಂಗ್ ಹಿಡಿದಿರುವ ಬೋಲ್ಟುಗಳಲ್ಲಿ ಒಂದರ ತಲೆ ಸ್ಪ್ಯಾನರಿಗೆ ಸಿಗದಂತೆ ಮಾಡಿರುತ್ತಾರೆ. ಅದನ್ನು ಬಿಚ್ಚಬೇಕಾದರೆ ಉಳಿ ಹೊಡೆಯಬೇಕು, ಇಲ್ಲವೇ ತಲೆಗೆ ಗೀರು ಕೊಯ್ಯಬೇಕು. ಟಾರ್ಚ್ ಬಿಟ್ಟು ನೋಡಿ. ಗುರುತಿದ್ದರೆ ಒಳಗೆ ಯಾರದೋ ಕೈ ಓಡಾಡಿದೆ. ಅಂಥ ಮೂರು ಗಾಡಿ ಬಿಟ್ಟೆ, ಒಂದು ಇದಕ್ಕಿಂತ ಎರಡು ಸಾವಿರ ಡಾಲರ್ ಅಗ್ಗವಿತ್ತು.

ಮನೆಗೆ ಬಂದ ಮೇಲೆ ಮೊದಲ ಕೆಲಸ ಡವೆಲ್ ಪಿನ್ನು. ಮುಂದಿನ ಗೇರ್ ಕೇಸಿನ ಈ ಸಣ್ಣ ಪಿನ್ನು ಕಂಪನಕ್ಕೆ ಹೊರಕ್ಕೆ ಸರಿದು ಟೈಮಿಂಗ್ ಗೇರಿನೊಳಗೆ ಬಿದ್ದರೆ ಎಂಜಿನ್ನೇ ಹೋಯಿತು. ಪಕ್ಕದ ಬೋಲ್ಟಿನಡಿ ಒಂದು ತಗಡಿನ ಪಟ್ಟಿ ಸಿಕ್ಕಿಸಿದರೆ ಮುಗಿಯಿತು, ಸೀಲು ಗ್ಯಾಸ್ಕೆಟ್ ಸೇರಿ 150 ಡಾಲರ್. ಜೊತೆಗೇ ಪಂಪಿನ ಓವರ್‌ಫ್ಲೋ ವಾಲ್ವು ಬದಲಿಸಿದೆ. ಸ್ಪ್ರಿಂಗು ಸೋತು ಡೀಸೆಲ್ ಒತ್ತಡ ಇಳಿದಿತ್ತು. ಐವತ್ತು ಡಾಲರಿಗೆ ಇಷ್ಟು ಲಾಭ ಬೇರಾವ ಪಾರ್ಟಿನಲ್ಲೂ ಇಲ್ಲ.

ಆಮೇಲೆ ಎಡವಿದೆ. ಕ್ಲಚ್ ಬದಲಿಸುವ ಮೊದಲೇ ಪಂಪು ಬಿಡುವ ಡೀಸೆಲ್ ಹೆಚ್ಚಿಸಿದೆ. ವಾರದಲ್ಲಿ ಐದನೇ ಗೇರಿನಲ್ಲಿ ಕ್ಲಚ್ ಜಾರತೊಡಗಿತು. 450 ಡಾಲರಿನ ಅಗ್ಗದ ಸೆಟ್ ಹಾಕಿದೆ, ಅದೂ ಆರೇ ತಿಂಗಳು. ಕೊನೆಗೆ ಎರಡು ಪ್ಲೇಟಿನದು, ಸಾವಿರದ ಹತ್ತಿರ.

ಡೀಸೆಲ್ ಚಿಮ್ಮುವ ಟೈಮಿಂಗ್ 12.5ರಿಂದ 16 ಡಿಗ್ರಿಗೆ ಇಟ್ಟದ್ದು ಎರಡೇ ದಿನದಲ್ಲಿ ಜಾರಿತು. ಪಂಪಿನ ಗೇರು ಶಾಫ್ಟಿನ ಟೇಪರಿನ (ಸಣ್ಣಗಾಗುತ್ತ ಹೋಗುವ ತುದಿ) ಮೇಲೆ ಬರೀ ಬಿಗಿತದಿಂದ ನಿಲ್ಲುತ್ತದೆ, ಕೀಲಿ ಇಲ್ಲ. ಬೆರಳಿನ ಎಣ್ಣೆಯಂಶ ಉಳಿದರೂ ಸಾಕು. ಶಾಫ್ಟು, ಗೇರು ಎರಡನ್ನೂ ಬ್ರೇಕ್ ಕ್ಲೀನರಿನಲ್ಲಿ ಬಟ್ಟೆಗೆ ಕಪ್ಪು ಹತ್ತದವರೆಗೆ ಒರೆಸಿ, ನಟ್ಟನ್ನು 145 ಫುಟ್-ಪೌಂಡ್ ಆಸುಪಾಸಿಗೆ ಬಿಗಿದೆ. ಮತ್ತೆ ಜಾರಿಲ್ಲ.

ಎಂಜಿನ್ 3,000 ಆರ್‌ಪಿಎಂವರೆಗೆ ಏರಲು ಬಿಡುವ ಗವರ್ನರ್ ಸ್ಪ್ರಿಂಗು ಹಾಕಿದೆ, ಎಎಫ್‌ಸಿ ಹೌಸಿಂಗನ್ನು ಮುಂದಕ್ಕೆ ಸರಿಸಿದೆ. ಡೀಸೆಲ್ಲಿಗೆ ಮಿತಿ ಹಾಕುವ ಫ್ಯುಯೆಲ್ ಪ್ಲೇಟನ್ನು ಎಲ್ಲಿ, ಎಷ್ಟು ಉಜ್ಜಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಹೊಗೆಯ ಬಿಸಿ ಅಳೆಯುವ ಪೈರೋಮೀಟರನ್ನು ಟರ್ಬೊ ಆದಮೇಲೆ ಹಾಕಿ ಖುಷಿಪಡಬೇಡಿ, ಅಲ್ಲಿ ಇನ್ನೂರು ಮುನ್ನೂರು ಡಿಗ್ರಿ ಕಡಿಮೆ ತೋರಿಸುತ್ತದೆ. ಟರ್ಬೊಗಿಂತ ಮುಂಚಿನ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೇ ಕೊರೆಯಿರಿ. ಏರಿನಲ್ಲಿ 1,250 ಫ್ಯಾರನ್‌ಹೀಟ್, ಅಂದರೆ 675 ಸೆಲ್ಸಿಯಸ್ ದಾಟಿತೆಂದರೆ ಕಾಲು ತೆಗೆಯಿರಿ.

ನಡುವೆ, ಟರ್ಬೊ ಒತ್ತಡ (ಬೂಸ್ಟ್) ಮಿತಿ ಮೀರದಂತೆ ತಡೆಯುವ ವೇಸ್ಟ್‌ಗೇಟಿನ ಹೋಸಿಗೆ ಸೂಜಿ ವಾಲ್ವು ಕಟ್ಟಿ ಬೂಸ್ಟ್ 38 ಪಿಎಸ್‌ಐ ಮಾಡಿ ನೋಡಿದೆ. ಇಂಟರ್‌ಕೂಲರಿನ ರಬ್ಬರ್ ಬೂಟು ಪಟಾಕಿಯಂತೆ ಸಿಡಿದು ಕಳಚಿತು. ಪೈಪಿನ ತುದಿ ಒರೆಸಿ ಹೇರ್ ಸ್ಪ್ರೇ ಹೊಡೆದು ಬಿಗಿದರೆ ಅಂಟಿದಂತೆ ಕೂರುತ್ತದೆ. ಆದರೆ ಎಚ್‌ಎಕ್ಸ್35 ಟರ್ಬೊಗೆ 35ರ ಮೇಲೆ ಬರೀ ಬಿಸಿಗಾಳಿ, ಹಾಗಾಗಿ 32ಕ್ಕೆ ಇಳಿಸಿದೆ.

ಗಾಡಿ 8,500 ಡಾಲರ್, ಸ್ಟೀರಿಂಗ್ ನಡುಕಕ್ಕೆ ಟ್ರ್ಯಾಕ್ ಬಾರು 300, ಮೀಟರುಗಳು 250, ಸ್ಪ್ರಿಂಗು ನೂರು, ಮೇಲೆ ಹೇಳಿದ್ದೆಲ್ಲ ಸೇರಿ 10,800ರ ಹತ್ತಿರ, ಕೂಲಿ ನನ್ನದೇ. ಪವರ್ ಅಳೆಯುವ ಡೈನೊದಲ್ಲಿ ಚಕ್ರದ ಮೇಲೆ 290 ಕುದುರೆ ಬಂತು, ಇಂಜೆಕ್ಟರು ಇನ್ನೂ ಕಂಪನಿಯದ್ದೇ.