ವೆಲೆನ್ಸಿಯಾಗೆ ಓದಲು ಬಂದವರಿಗೆ ಮೊದಲ ವಾರ

ಸಮುದ್ರ ಎಲ್ಲೂ ಓಡಿಹೋಗುವುದಿಲ್ಲ, ಮೊದಲು ಕಾಗದಪತ್ರ ನೋಡಿಕೊಳ್ಳಿ. ವೀಸಾ 6 ತಿಂಗಳು ಮೀರಿದ್ದರೆ, ಸ್ಪೇನಿಗೆ ಕಾಲಿಟ್ಟ 1 ತಿಂಗಳೊಳಗೆ ಟಿಐಇ ಎಂಬ ವಿದೇಶಿಯರ ಗುರುತಿನ ಕಾರ್ಡಿಗೆ ಅರ್ಜಿ ಹಾಕಬೇಕು. ಇಎಕ್ಸ್-17 ಅರ್ಜಿ ಫಾರಂ, 790-012 ನಮೂನೆಯಲ್ಲಿ ಶುಲ್ಕ ಕಟ್ಟಿದ ರಸೀದಿ, ಫೋಟೊ, ಪಾಸ್‌ಪೋರ್ಟ್ ಜೊತೆಗಿರಲಿ. ಬೆರಳಚ್ಚು ಅರ್ಜಿ ಕೊಡುವ ಕಚೇರಿಯಲ್ಲೇ ತೆಗೆದುಕೊಳ್ಳುತ್ತಾರೆ. ಹೆಚ್ಚಿನವರು ಎಡವುವುದು ಅಪಾಯಿಂಟ್‌ಮೆಂಟಿನಲ್ಲಿ: ಸ್ಲಾಟ್ ಬೇಗ ಖಾಲಿಯಾಗುತ್ತದೆ, ಬಂದ ದಿನವೇ ಹುಡುಕಲು ಶುರುಮಾಡಿ. ವಿಳಾಸ ನೋಂದಣಿ, ಅಂದರೆ ‘ಪದ್ರೋನ್’, ನಗರಸಭೆಯಲ್ಲಿ. ಅದಕ್ಕೆ ಸಾಮಾನ್ಯವಾಗಿ ಬಾಡಿಗೆ ಕರಾರು ಕೇಳುತ್ತಾರೆ. ಬರೀ ಬಾಯಿಮಾತಿನ ಕೋಣೆ ಅಗ್ಗವಾದರೂ ಇಲ್ಲೇ ಕೈಕೊಡುತ್ತದೆ.

ಮಧ್ಯಾಹ್ನದ ಊಟ 2ರ ಮೇಲೆ, ರಾತ್ರಿಯದು 9ರ ನಂತರ. 7ಕ್ಕೇ ಹಸಿದು ಹೋದರೆ ಎಷ್ಟೋ ಹೋಟೆಲುಗಳಲ್ಲಿ ಒಲೆಯೇ ಹೊತ್ತಿರುವುದಿಲ್ಲ. ಭಾನುವಾರ ಬಹುತೇಕ ಅಂಗಡಿಗಳಿಗೆ ಬೀಗ. ಹಾಲು, ಬ್ರೆಡ್ಡು, ತರಕಾರಿ ಶನಿವಾರವೇ ತಂದಿಡಿ. ಬೀದಿಯ ಫಲಕಗಳು ಎಷ್ಟೋ ಕಡೆ ವೆಲೆನ್ಸಿಯನ್ ಭಾಷೆಯಲ್ಲಿವೆ, ಕಲಿತ ಸ್ಪ್ಯಾನಿಷ್ ಮರೆತುಹೋಯಿತೆಂದು ಗಾಬರಿಬೇಡ.