ಸೆಕೆಂಡ್ ಹ್ಯಾಂಡ್ ಫೋರ್ ಬೈ ಫೋರ್: ಬಾನೆಟ್‌ಗಿಂತ ಮೊದಲು ಗಾಡಿಯ ಅಡಿಭಾಗ ನೋಡಿ

ಚಿತ್ರದುರ್ಗ, ದಾವಣಗೆರೆ ಕಡೆ ಹಳೇ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಇಂಜಿನ್ ಬಲ ಹೋಗುವ ಗಾಡಿ, ಮಾರುವವರು ಮೊದಲು ಬಾನೆಟ್ ಎತ್ತಿ ತೋರಿಸುತ್ತಾರೆ. ನಾನು ಬಾನೆಟ್ ನೋಡುವುದು ಕೊನೆಗೆ. ಇಂಜಿನ್ ಬಿಚ್ಚಿ ಕಟ್ಟಬಲ್ಲ ಮೆಕ್ಯಾನಿಕ್‌ಗಳು ಎರಡೂ ಊರಲ್ಲಿ ಇದ್ದಾರೆ, ಖರ್ಚೆಷ್ಟು ಅಂತ ಮೊದಲೇ ಕೇಳಿಕೊಳ್ಳಬಹುದು. ಬಿರುಕು ಬಿಟ್ಟ ಚಾಸಿ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು), ತಿರುಗದ ಮುಂದಿನ ಆಕ್ಸೆಲ್, ತಕರಾರಿನ ಆರ್‌ಸಿ, ಈ ಮೂರರ ಖರ್ಚು ಮಾತ್ರ ಯಾರೂ ಮುಂಚೆ ಹೇಳಲಾರರು. ಹಾಗಾಗಿ ನನ್ನ ಕ್ರಮ ಕಾಗದ, ಚಾಸಿ, ಫೋರ್ ಬೈ ಫೋರ್, ಆಮೇಲೆ ಉಳಿದದ್ದು.

ದುಡ್ಡಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಕೈಯಲ್ಲಿ 5 ಲಕ್ಷ ಇದ್ದರೆ 4 ಲಕ್ಷದೊಳಗಿನ ಗಾಡಿ ಹುಡುಕಿ. ಉಳಿದ ಒಂದು ಲಕ್ಷ ಟೈರು, ಆಯಿಲ್, ಸೀಲು, ಬೇರಿಂಗು, ಬುಷ್ಷು, ಬ್ಯಾಟರಿಗೆ ಬೇಕೇ ಬೇಕು. ಇಡೀ ಹಣ ಗಾಡಿಗೇ ಸುರಿದವರ ಗಾಡಿ ಮನೆ ಮುಂದೆ ನಿಂತಿರುತ್ತದೆ.

ಯಾವ ಗಾಡಿ ಅನ್ನುವುದನ್ನು ನಮ್ಮ ನೆಲವೇ ಅರ್ಧ ತೀರ್ಮಾನಿಸುತ್ತದೆ. ದಾವಣಗೆರೆ ಸುತ್ತ ಎರೆ ಭೂಮಿ. ಮಳೆ ಬಿದ್ದರೆ ಮಣ್ಣು ಟೈರಿನ ಬಟನ್ ಮಧ್ಯೆ ಮೆತ್ತಿಕೊಂಡು ಟೈರು ನುಣ್ಣಗಾಗುತ್ತದೆ, ಭಾರದ ಗಾಡಿ ಆಕ್ಸೆಲ್ ತನಕ ಕೂತುಬಿಡುತ್ತದೆ. ಚಳ್ಳಕೆರೆ, ಹಿರಿಯೂರು ಕಡೆ ವೇದಾವತಿಯ ಮರಳು, ದುರ್ಗದ ಸುತ್ತ ಬಂಡೆ ಮತ್ತು ಜಾರುಗಲ್ಲು. ಎರೆಗೂ ಮರಳಿಗೂ ಹಗುರ ಗಾಡಿ ವಾಸಿ. ಹೆಚ್ಚುಕಮ್ಮಿ ಒಂದು ಟನ್ ತೂಗುವ ಮಾರುತಿ ಜಿಪ್ಸಿ ಅದಕ್ಕೇ ಇನ್ನೂ ಬೆಲೆ ಉಳಿಸಿಕೊಂಡಿದೆ. ಪೆಟ್ರೋಲ್ ಕುಡಿಯುತ್ತದೆ, ನಾಲ್ಕೂ ಕಡೆ ಲೀಫ್ ಸ್ಪ್ರಿಂಗ್ ಇರುವುದರಿಂದ ಸೊಂಟಕ್ಕೆ ಸುಖವಿಲ್ಲ. ಮನೆಯವರನ್ನೂ ಕರೆದುಕೊಂಡು ಓಡಾಡಬೇಕು, ಡೀಸೆಲ್ಲೇ ಬೇಕು ಅನ್ನುವವರಿಗೆ 2010ರಿಂದ 2020ರ ನಡುವಿನ ಹಳೇ ಮಹೀಂದ್ರ ಥಾರ್ ಸಿಆರ್‌ಡಿಇ ನನ್ನ ಮೊದಲ ಆಯ್ಕೆ. ಮಹೀಂದ್ರ ಗಾಡಿಗಳ ಕೆಲಸ ಇಲ್ಲಿನ ಎಲ್ಲ ಗ್ಯಾರೇಜಿನವರಿಗೂ ಗೊತ್ತು, ಬಿಡಿಭಾಗಕ್ಕೆ ಬೆಂಗಳೂರಿಗೆ ಓಡಬೇಕಿಲ್ಲ. 2015ರ ನಂತರದ ಸಿಆರ್‌ಡಿಇ ಸಿಕ್ಕರೆ ಹಿಂದಿನ ಡಿಫರೆನ್ಷಿಯಲ್‌ನಲ್ಲಿ (ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರುಗಳ ಗುಂಪು) ಈಟನ್ ಮೆಕ್ಯಾನಿಕಲ್ ಲಾಕರ್, ಅಂದರೆ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಸಾಧನ ಇರುತ್ತದೆ. ಒಂದು ಚಕ್ರ ಮೇಲೆದ್ದು ಸುಮ್ಮನೆ ತಿರುಗುವ ಜಾಗದಲ್ಲಿ ಅದರ ಬೆಲೆ ತಿಳಿಯುತ್ತದೆ. ಸ್ಕಾರ್ಪಿಯೊ, ಬೊಲೆರೊ, ಸಫಾರಿಗಳಲ್ಲೂ ಫೋರ್ ಬೈ ಫೋರ್ ಬಂದಿವೆ, ಆದರೆ ರಸ್ತೆಯಲ್ಲಿ ಕಾಣುವ ಹೆಚ್ಚಿನವು ಟೂ ವೀಲ್ ಡ್ರೈವ್. ಹೊಸ ಥಾರ್ ಕೂಡ ಜನವರಿ 2023ರಿಂದ ಬರೀ ಹಿಂದಿನ ಚಕ್ರದ ಮಾದರಿಯಲ್ಲೂ ಸಿಗುತ್ತಿದೆ. ಹಿಂಬದಿಯ ಸ್ಟಿಕ್ಕರ್ ನಂಬಬೇಡಿ. ಒಳಗೆ ಲಿವರ್ ಅಥವಾ ನಾಬ್, ಕೆಳಗೆ ಟ್ರಾನ್ಸ್‌ಫರ್ ಕೇಸಿನಿಂದ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರುಪೆಟ್ಟಿಗೆ) ಮುಂದಕ್ಕೆ ಹೋಗುವ ಎರಡನೇ ಪ್ರೊಪೆಲ್ಲರ್ ಶಾಫ್ಟ್, ಎರಡೂ ಕಣ್ಣಿಗೆ ಬೀಳಬೇಕು.

ನಂಬರ್ ಪ್ಲೇಟ್ ನೋಡಿದರೆ ಗಾಡಿ ಎಲ್ಲಿ ದುಡಿದಿದೆ ಅಂತ ಸುಳಿವು ಸಿಗುತ್ತದೆ. ನಮ್ಮ ಕೆಎ-16, ಕೆಎ-17 ಮತ್ತು ಬಳ್ಳಾರಿಯ ಕೆಎ-34 ಒಣನೆಲದ ಗಾಡಿಗಳು, ತುಕ್ಕು ಕಡಿಮೆ. ಆದರೆ ಗಣಿಯಲ್ಲಿ ಓಡಿದ್ದರೆ ಬಾಗಿಲಿನ ರಬ್ಬರ್ ಕೆಳಗೆ, ಏರ್ ಫಿಲ್ಟರ್ ಡಬ್ಬಿಯ ಮೂಲೆಯಲ್ಲಿ ಕೆಂಪು ಧೂಳು ತೊಳೆದರೂ ಉಳಿದಿರುತ್ತದೆ. ಫಿಲ್ಟರ್ ದಾಟಿದ ಧೂಳು ಸಿಲಿಂಡರ್ ಗೋಡೆ ಸವೆಸುತ್ತದೆ. ಚಿಕ್ಕಮಗಳೂರು, ಕೊಡಗಿನ ತೋಟದ ಗಾಡಿಗಳಲ್ಲಿ ಫೋರ್ ಬೈ ಫೋರ್ ದಿನಾ ಬಳಕೆಯಾಗಿರುವುದರಿಂದ ಅದು ಸರಿಯಾಗಿ ಕೆಲಸ ಮಾಡುತ್ತಿರುತ್ತದೆ, ಚಾಸಿ ಮಾತ್ರ ಮಳೆಗೆ ನೆಂದು ಸೊರಗಿರುತ್ತದೆ. ಕರಾವಳಿಯ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ ನೋಡದೆ ಮುಂಗಡ ಕೊಡಬೇಡಿ.

ಕಾಗದದಲ್ಲಿ ಆರ್‌ಸಿಯ ಚಾಸಿ ನಂಬರನ್ನು ಗಾಡಿ ಮೇಲೆ ಪಂಚ್ ಮಾಡಿ ಕೊರೆದ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸುತ್ತ ಗ್ರೈಂಡರ್ ಗುರುತು, ಹೊಸ ಬಣ್ಣದ ತೇಪೆ ಇದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಸಾಲದ ಗಾಡಿಯಾಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30. ಹೊರರಾಜ್ಯದ್ದಾದರೆ ಫಾರಂ 28ರ ಎನ್‌ಒಸಿ ಬೇಕು, ಜೊತೆಗೆ ಇಲ್ಲಿ ಗಾಡಿಯ ವಯಸ್ಸಿನ ಮೇಲೆ ಜೀವಿತಾವಧಿ ತೆರಿಗೆ ಕಟ್ಟಬೇಕು. ಅಗ್ಗಕ್ಕೆ ಸಿಕ್ಕಿತು ಅಂತ ಉತ್ತರದಿಂದ ತಂದ ಗಾಡಿ ಈ ತೆರಿಗೆ ಸೇರಿದರೆ ಅಗ್ಗ ಉಳಿಯುವುದಿಲ್ಲ. 15 ವರ್ಷ ತುಂಬಿದ ಖಾಸಗಿ ಗಾಡಿಗೆ ನೋಂದಣಿ ನವೀಕರಣ ಆಗಿದೆಯೇ, ಎಲ್ಲಿಯತನಕ ಇದೆ ನೋಡಿ. ನವೀಕರಣ ಸಿಗುವುದು 5 ವರ್ಷಕ್ಕೆ. ಸೇನೆಯ ಹರಾಜಿನ ಜಿಪ್ಸಿಗೆ ಹರಾಜಿನ ಕಾಗದ ಸಾಲದು, ಆರ್‌ಟಿಒ ಕೊಟ್ಟ ಆರ್‌ಸಿಯೇ ಕೈಯಲ್ಲಿರಬೇಕು.

ಚಾಸಿ ನೋಡಲು ಒಂದು ಟಾರ್ಚು, ಒಂದು ಸಣ್ಣ ಸುತ್ತಿಗೆ ಸಾಕು. ಸ್ಪ್ರಿಂಗ್ ಹ್ಯಾಂಗರ್, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಬೋಲ್ಟ್ ಆಗಿರುವ ಜಾಗ, ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ, ಇವುಗಳಲ್ಲೇ ಬಿರುಕು ಹುಟ್ಟುವುದು. ತಟ್ಟಿದಾಗ ಗಟ್ಟಿ ಸದ್ದು ಬರಬೇಕು. ಮಂಕಾಗಿ ಬಂದು ಹಕ್ಕಳೆ ಉದುರಿದರೆ ಒಳಗೆ ಕೊಳೆತಿದೆ. ಮಾರಾಟಕ್ಕೆ ಮುಂಚೆ ಅಡಿಗೆಲ್ಲ ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರೆ ಕೆರೆದು ನೋಡಲು ಅನುಮತಿ ಕೇಳಿ.

ಇನ್ನು ಮುಖ್ಯ ಪರೀಕ್ಷೆ. ವರ್ಷಗಟ್ಟಲೆ ಲಿವರ್ ಮುಟ್ಟದ ಗಾಡಿಗಳೇ ಹೆಚ್ಚು. ಡ್ಯಾಶ್‌ಬೋರ್ಡಿನಲ್ಲಿ ಫೋರ್ ಬೈ ಫೋರ್ ದೀಪ ಹತ್ತಿದರೂ ಮುಂದಿನ ಚಕ್ರಕ್ಕೆ ಬಲ ಹೋಗುತ್ತಿಲ್ಲದಿರಬಹುದು. ನಾನು ಮಾಡುವುದು ಹೀಗೆ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ಚಾಲೂ ಇಟ್ಟು ಫೋರ್ ಹೈ (ನಾಲ್ಕೂ ಚಕ್ರಕ್ಕೆ ಬಲ, ಮಾಮೂಲಿ ಗೇರಿನ ವೇಗ) ಹಾಕುತ್ತೇನೆ. ಫ್ರೀ-ವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸೆಲ್‌ಗೆ ಜೋಡಿಸುವ, ಬಿಡಿಸುವ ಭಾಗ) ಇರುವ ಜಿಪ್ಸಿಯಾದರೆ ಎರಡೂ ಹಬ್ ಲಾಕ್ ಮಾಡಬೇಕು. ಹಬ್ ತಾನೇ ಲಾಕ್ ಆಗುವ ಗಾಡಿಯಾದರೆ ಕಲ್ಲು ಕೊಡುವ ಮುಂಚೆಯೇ ಫೋರ್ ಹೈನಲ್ಲಿ ನಾಲ್ಕು ಮಾರು ಓಡಿಸಿ ನಿಲ್ಲಿಸಬೇಕು. ಆಮೇಲೆ ಇಂಜಿನ್ ಆಫ್ ಮಾಡಿ, ಗೇರಿನಲ್ಲಿ ಬಿಟ್ಟು, ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿ ಕೈಯಲ್ಲಿ ತಿರುಗಿಸುತ್ತೇನೆ. ಕೊಂಚ ಅಲ್ಲಾಡಿ ಗಕ್ಕನೆ ನಿಂತರೆ ಸರಿ. ಸರಾಗವಾಗಿ ತಿರುಗಿದರೆ ಹಬ್, ಆಕ್ಸೆಲ್ ಅಥವಾ ಟ್ರಾನ್ಸ್‌ಫರ್ ಕೇಸ್ ಎಲ್ಲೋ ಕೈಕೊಟ್ಟಿದೆ. ಇನ್ನೊಂದು ಬದಿಯ ಚಕ್ರಕ್ಕೂ ಇದೇ ಪರೀಕ್ಷೆ. ಗಾಡಿಯ ಕೆಳಗೆ ಮಾತ್ರ ಹೋಗಬೇಡಿ, ಜಾಕ್ ಜಾರುತ್ತದೆ.

ಚಕ್ರ ಎತ್ತಿರುವಾಗಲೇ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ (ಸಡಿಲ) ಕಂಡರೆ ಒಬ್ಬರಿಗೆ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಾಡಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲು, ಅಂದರೆ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್. ಜಿಪ್ಸಿಯಲ್ಲಿ ಕಿಂಗ್‌ಪಿನ್ ಬೇರಿಂಗ್ ಸವೆದರೆ ವೇಗದಲ್ಲಿ ಸ್ಟಿಯರಿಂಗ್ ಗಡಗಡ ನಡುಗುತ್ತದೆ. ಮಾಲೀಕರು ಅದನ್ನು ವೀಲ್ ಬ್ಯಾಲೆನ್ಸಿಂಗ್ ಅಂತ ಹೇಳಿ ಸಾಗಹಾಕುತ್ತಾರೆ.

ಓಡಿಸುವಾಗ ಸಡಿಲ ಮಣ್ಣಿನಲ್ಲಿ ಫೋರ್ ಹೈ ಹಾಕಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಸುತ್ತು ಹೊಡೆಯಿರಿ. ಗಾಡಿ ಬಿಗಿದು ತಡೆದಂತೆ ಅನಿಸಬೇಕು. ಒಣ ಡಾಂಬರ್ ಮೇಲೆ ಇದನ್ನು ಮಾಡಬಾರದು, ಜಾರಲು ಜಾಗವಿಲ್ಲದೆ ಶಾಫ್ಟು, ಗೇರುಗಳ ಮೇಲೆ ಒತ್ತಡ ಬೀಳುತ್ತದೆ. ನಂತರ ಗಾಡಿ ಪೂರ್ತಿ ನಿಲ್ಲಿಸಿ, ಕ್ಲಚ್ ತುಳಿದು ಫೋರ್ ಲೋ (ವೇಗ ಕಡಿಮೆ, ಎಳೆತ ಹೆಚ್ಚು) ಹಾಕಿ, ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಮುಟ್ಟದೆ ದಿಣ್ಣೆ ಹತ್ತಿಸಿ. ಲಿವರ್ ಹಾರಿ ಹೊರಬಂದರೆ ಟ್ರಾನ್ಸ್‌ಫರ್ ಕೇಸಿನ ಗೇರು, ಫೋರ್ಕು ಸವೆದಿವೆ. ಆ ಗಾಡಿ ಬೇಡ.

ಎರಡೂ ಡಿಫರೆನ್ಷಿಯಲ್‌ನ ಫಿಲ್ಲರ್ ಪ್ಲಗ್ ಬಿಚ್ಚಿಸಿ ಬೆರಳು ಅದ್ದಿ. ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಮೇಲಿನ ಬ್ರೀದರ್ (ಗಾಳಿಯಾಡುವ ಕಿಂಡಿ) ಎರೆ ಮಣ್ಣಿನಿಂದ ಮುಚ್ಚಿಹೋಗಿದ್ದರೆ ಆಯಿಲ್ ಸೀಲ್ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ, ಬೇರಿಂಗ್‌ಗೆ ತುಕ್ಕು ಹಿಡಿಯುತ್ತದೆ. ಬ್ರೀದರ್‌ಗೆ ರಬ್ಬರ್ ಪೈಪ್ ಕೊಟ್ಟು ಬಾನೆಟ್ ಎತ್ತರಕ್ಕೆ ಒಯ್ದರೆ ಈ ತೊಂದರೆ ತಪ್ಪುತ್ತದೆ. ಇಷ್ಟು ಅಗ್ಗದ ಉಪಾಯವನ್ನು ಹೆಚ್ಚಿನವರು ಮಾಡಿಸುವುದೇ ಇಲ್ಲ ಅನ್ನುವುದು ನನಗೆ ಬೇಸರ.

ಇಂಜಿನ್ ನೋಡಲು ಬೆಳಿಗ್ಗೆ, ತಣ್ಣಗಿರುವಾಗ ಹೋಗಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಕಾರಣ ಇರುತ್ತದೆ. ಐಡಲ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗ್ ಹೋಗಿದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ರೇಡಿಯೇಟರನ್ನು ಅಲಕ್ಷಿಸಬೇಡಿ: ಏಪ್ರಿಲ್ ಬಿಸಿಲಲ್ಲಿ ಫೋರ್ ಲೋದಲ್ಲಿ ತೆವಳುವಾಗ ಎದುರುಗಾಳಿ ಸಿಗುವುದಿಲ್ಲ, ಫಿನ್ ಸಂದಿಯಲ್ಲಿ ಮಣ್ಣು ಕಟ್ಟಿದ್ದರೆ ಕಾಲು ಗಂಟೆಯಲ್ಲಿ ಮುಳ್ಳು ಕೆಂಪಿಗೆ ಏರುತ್ತದೆ.

ಟೈರಿನ ಬದಿಯ ನಾಲ್ಕು ಅಂಕಿ ಓದಿ. 2319 ಇದ್ದರೆ 2019ರ 23ನೇ ವಾರದ್ದು. ನಾಲ್ಕೂ ಒಂದೇ ಅಳತೆ, ಒಂದೇ ಸವೆತ ಇರಬೇಕು, ಇಲ್ಲದಿದ್ದರೆ ಫೋರ್ ಹೈನಲ್ಲಿ ಮುಂದೆ ಹಿಂದಿನ ಸುತ್ತು ಹೊಂದದೆ ಟ್ರಾನ್ಸ್‌ಫರ್ ಕೇಸ್ ಸವೆಯುತ್ತದೆ. ಲೋಹದ ಬುಲ್ ಬಾರ್, ಮಿತಿ ಮೀರಿದ ಟೈರ್ ಹಾಕಿಸಿದ ಗಾಡಿ ಕಾನೂನಿಗೂ ವಿಮೆಗೂ ತಕರಾರು, ಬೆಲೆ ಇಳಿಸಲು ಅದನ್ನೇ ಬಳಸಿ.

ಕೊಂಡ ಮೇಲೆ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ. ಇಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡು ಡಿಫರೆನ್ಷಿಯಲ್, ಐದೂ ಕಡೆ ಆಯಿಲ್ ಬದಲಿಸಿ, ಕೂಲೆಂಟ್, ಬ್ರೇಕ್ ಆಯಿಲ್ ಕೂಡ. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ದರ್ಜೆಯ ಆಯಿಲನ್ನು ಕೈಪಿಡಿ ಹೇಳದೆ ಗೇರ್‌ಬಾಕ್ಸ್‌ಗೆ ಹಾಕಿಸಬೇಡಿ, ಕೆಲವು ಗೇರ್‌ಬಾಕ್ಸ್‌ಗಳ ಹಿತ್ತಾಳೆ ಸಿಂಕ್ರೊ ರಿಂಗ್‌ಗೆ ಅದು ಒಗ್ಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಒಂದೆರಡು ಕಿಲೋಮೀಟರ್ ಫೋರ್ ಹೈನಲ್ಲಿ ಓಡಿಸಿ, ಲಿವರ್, ಹಬ್ ಜಾಮ್ ಆಗುವುದಿಲ್ಲ.

ಮರಳಿಗೆ ಇಳಿಯುವಾಗ ಗಾಳಿ 18ರಿಂದ 20 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಬರುವ ಮುಂಚೆ ತುಂಬಿ. ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಎಳೆಯುವ ಹಗ್ಗವನ್ನು ಚಾಸಿಗೆ ಬೋಲ್ಟ್ ಆದ ಕೊಕ್ಕೆಗೇ ಹಾಕಿ, ಬಂಪರ್‌ಗೆ ಹಾಕಿದರೆ ಕಿತ್ತು ಹಾರಿ ಎದುರಿದ್ದವರಿಗೆ ಬಡಿಯುತ್ತದೆ. ಜೋಗಿಮಟ್ಟಿ ಸಂರಕ್ಷಿತ ಅರಣ್ಯ, ಅಲ್ಲಿ ದಾರಿ ಬಿಟ್ಟು ಗಾಡಿ ಇಳಿಸಬೇಡಿ. ಹೊಲವಾದರೆ ಕಟಾವು ಮುಗಿದ ಮೇಲೆ, ರೈತರನ್ನು ಕೇಳಿಯೇ ಇಳಿಯಿರಿ. ಎರೆ ಹೊಲದಲ್ಲಿ ಹಸಿಯಿದ್ದಾಗ ಬಿದ್ದ ಚಕ್ರದ ಜಾಡು ಒಣಗಿ ಗಟ್ಟಿಯಾದರೆ ಅವರ ನೇಗಿಲಿಗೆ ತೊಂದರೆ.