ಬಿಳಿಜೋಳದ ರೊಟ್ಟಿ ಮೊದಲಾ, ಬಿಸಿಬೇಳೆಬಾತ್ ಮೊದಲಾ?

ಅತ್ತೆಯ ಅಡುಗೆ ನೋಟ್‌ಬುಕ್ ಟೈಪ್ ಮಾಡಿ ಮುಗಿಸಿದ್ದೆ. "ಕೊನೆಗೊಂದು ಅಕಾರಾದಿ ಪಟ್ಟಿ ಹಾಕಿಬಿಡೋ" ಎಂದರು. ಕೈಯಲ್ಲೇ ಮಾಡಿದ್ದರೆ ಒಂದು ಸಂಜೆ ಸಾಕಿತ್ತು. ಪ್ರೋಗ್ರಾಮ್ ಬರೆಯುತ್ತೇನೆ ಅಂತ ಕೂತು ಎರಡು ಭಾನುವಾರ ಕಳೆದೆ.

ಮೊದಲು ಹಿಡಿದದ್ದು ಸಿ. ಕಾಲೇಜಿನಲ್ಲಿ ನೀಲಿ ಪರದೆಯ ಟರ್ಬೋ ಸಿ ಮುಂದೆ ಕೂತು ಕಲಿತ ಭಾಷೆ, ಕೈಗೆ ಚೆನ್ನಾಗಿ ಗೊತ್ತು. 'ಕನ್ನಡ' ಅನ್ನುವ ಪದದ ಉದ್ದ ಕೇಳಿದೆ. 15 ಎಂದಿತು! ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್ ಬೇಕು, ಸಿ ಎಣಿಸುವುದು ಬೈಟ್ ಮಾತ್ರ. ಪಟ್ಟಿಯಲ್ಲಿ 'ಬ' ಅಂತ ತಲೆಬರಹ ಹಾಕಲು ಪದದ ಮೊದಲ ಅಕ್ಷರ ತೆಗೆದರೆ ಬಂದದ್ದು ಪ್ರಶ್ನೆಚಿಹ್ನೆಯ ಡಬ್ಬಿ. ಅಲ್ಲಿಗೆ ಸಿ ಬಿಟ್ಟೆ. ಜಾವಾದಲ್ಲಿ ಮೊದಲ ಅಕ್ಷರ ಸರಿಯಾಗಿಯೇ ಬಂತು. ಆದರೆ ಇಷ್ಟು ಸಣ್ಣ ಕೆಲಸಕ್ಕೆ ಕ್ಲಾಸು, ಮೇನು ಅಂತ ಪೀಠಿಕೆ ಜಾಸ್ತಿ.

ಪೈಥಾನ್‌ನಲ್ಲಿ 'ಕನ್ನಡ'ದ ಉದ್ದ 5. ಕಣ್ಣಿಗೆ ಮೂರೇ ಕಾಣುತ್ತದೆ, ಅಲ್ವಾ? ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೆ ನ, ಡ. ಹಾಗೆ ಐದು. ಹಾಗಂತ ಇಲ್ಲೂ ಎಲ್ಲ ಸುಲಭ ಇರಲಿಲ್ಲ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಫೈಲ್ ತೆರೆಯುತ್ತಲೇ ಚಾರ್‌ಮ್ಯಾಪ್ ಎರರ್, ಅಂದರೆ ಅಕ್ಷರ ಓದಲಾಗಲಿಲ್ಲ ಎಂಬ ದೂರು. ಫೈಲು ಯುಟಿಎಫ್-8 ಅಂತ ನಾವೇ ಹೇಳಬೇಕಿತ್ತು. ಹೇಳದಿದ್ದರೆ ಅದು ಹಳೆಯ ಇಂಗ್ಲಿಷ್ ಅಕ್ಷರಪಟ್ಟಿ ಹಿಡಿದು ಓದುತ್ತದೆ. ಎಡವಿದ್ದು ಎಲ್ಲಿ ಗೊತ್ತಾ? ಒತ್ತಕ್ಷರ ಮಾಡುವ ಆ ಚಿಹ್ನೆಯ ಕೊನೆಯ ಬೈಟ್‌ನಲ್ಲಿ. ಹುಗ್ಗಿ, ರೊಟ್ಟಿ, ಹಪ್ಪಳದ ಊರಿನಲ್ಲಿ ಒತ್ತಿಲ್ಲದ ಫೈಲ್ ಎಲ್ಲಿಂದ ತರಲಿ!

ಎಡಿಟರ್ ಕಥೆಯೂ ಹೀಗೇ. ವಿಮ್ ನನಗೆ ವರ್ಷಗಳ ಅಭ್ಯಾಸ. ಅದರಲ್ಲಿ ಟೈಪ್ ಮಾಡುವ ಮೋಡ್ ಬೇರೆ, ಕೀಗಳೇ ಆಜ್ಞೆಯಾಗುವ ಮೋಡ್ ಬೇರೆ. ಕನ್ನಡ ಕೀಬೋರ್ಡ್ ಆನ್ ಇರುವಾಗ ಕೆಳಗಿನ ಸಾಲಿಗೆ ಇಳಿಯಲು ಜೆ ಒತ್ತಿದರೆ ಹೋಗುವುದು 'ಜ'. ವಿಮ್‌ಗೆ 'ಜ' ಅಂದರೆ ಏನೂ ಅಲ್ಲ. ಸೇವ್ ಮಾಡಿ ಹೊರಗೆ ಬರುವುದಕ್ಕೂ ಕೀಬೋರ್ಡ್ ಬದಲಿಸಬೇಕು. ಅರ್ಧ ಗಂಟೆಗೆ ಬೆರಳು ಸೋತವು. ವಿಎಸ್ ಕೋಡ್‌ಗೆ ಬಂದೆ. ಅಲ್ಲಿ ಮೋಡ್ ಅನ್ನೋ ತಾಪತ್ರಯ ಇಲ್ಲ, ಸುಮ್ನೆ ಟೈಪ್ ಮಾಡಿದರಾಯಿತು. ಇಂಗ್ಲಿಷ್ ಕೋಡ್ ಬರೆಯುವಾಗ ಮಾತ್ರ ಈಗಲೂ ವಿಮ್ಮೇ.

ಪಟ್ಟಿ ಪ್ರಿಂಟ್ ತೆಗೆದು ಅತ್ತೆಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದವರು "ಬಿಳಿಜೋಳದ ರೊಟ್ಟಿ ಆದಮೇಲೆ ಬಿಸಿಬೇಳೆಬಾತಾ? ಳ ಬರೋದು ಹ ಆದಮೇಲೆ ಅಲ್ವೇನೋ?" ಎಂದರು. ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಕೋಷ್ಟಕದಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ ಮುಂಚೆ. ಪೈಥಾನ್ ಆ ಸಂಖ್ಯೆ ನೋಡಿಯೇ ಜೋಡಿಸುತ್ತದೆ. ಅದೇ ಕೋಷ್ಟಕದಲ್ಲಿ ಹ ಆದಮೇಲಿನ ಮನೆ ಖಾಲಿ ಇದೆ. ಜೋಡಿಸುವಾಗ ಮಾತ್ರ ಳ ಅನ್ನು ಅಲ್ಲಿ ಕೂರಿಸಿದೆ. ಒಂದೇ ಸಾಲಿನ ತಿದ್ದುಪಡಿ.

ಎರಡನೇ ಪ್ರಿಂಟ್‌ನಲ್ಲಿ ಅತ್ತೆ ಮೊದಲು ಹುಡುಕಿದ್ದು ಬಿಸಿಬೇಳೆಬಾತನ್ನೇ.